ಆಪಲ್, ಮೈಕ್ರೋಸಾಫ್ಟ್ ಜಾಹೀರಾತು ಜಗಳ: ನಮ್ಮ 'ಕೊಟ್ಟ ದುಡ್ಡಿಗೆ ತಕ್ಕ ಮಾಲು' ಲೆಕ್ಕ ಇದರಿಂದ ನಿಜಕ್ಕೂ ಬದಲಾಗುತ್ತಾ?

ಕುವೆಂಪುನಗರದ ಅಕ್ಕ (ಶನಿವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ನಮ್ಮ ಮನೆಯಲ್ಲಿ ಒಂದೇ ಮಾತು, ಲ್ಯಾಪ್‌ಟಾಪ್. ತಮ್ಮ ಇಂಜಿನಿಯರಿಂಗ್ ಎರಡನೇ ವರ್ಷ, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್. ಅಪ್ಪ ನಿವೃತ್ತರಾಗಿ ಮೂರು ವರ್ಷ ಆಯಿತು. ನಾನು ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಚೀಟಿ ದುಡ್ಡು, ಅಪ್ಪ ಎತ್ತಿಟ್ಟಿದ್ದು ಎಲ್ಲ ಸೇರಿಸಿದರೆ 65 ಸಾವಿರ ಇದೆ.

ತಮ್ಮ ಆಪಲ್ ಕಂಪನಿಯ ಮ್ಯಾಕ್‌ಬುಕ್ ಏರ್ ಬೇಕೇ ಬೇಕು ಅಂತ ಕೂತಿದ್ದಾನೆ. ನಾನು ಹೇಳುತ್ತಿರುವುದು ಮೈಕ್ರೋಸಾಫ್ಟ್‌ನ ವಿಂಡೋಸ್ ಇರುವ ಬೇರೆ ಕಂಪನಿಯ ಲ್ಯಾಪ್‌ಟಾಪ್. 'ವಿಂಡೋಸ್ ತಗೊಂಡ್ರೆ ದುಡ್ಡು ನೀರಿಗೆ ಹಾಕಿದ ಹಾಗೆ ಅಕ್ಕ' ಅಂತಾನೆ. ಅವನು ಇವತ್ತಿನವರೆಗೆ ಮ್ಯಾಕ್ ಮೇಲೆ ಒಂದು ಗಂಟೆ ಕೂತು ಕೆಲಸ ಮಾಡಿದವನಲ್ಲ. ಹಾಗಾದರೆ ಈ ಮಾತು ಅವನ ಬಾಯಿಗೆ ಎಲ್ಲಿಂದ ಬಂತು?

ಆಮೇಲೆ ನನ್ನ ಬಗ್ಗೆಯೂ ಯೋಚನೆ ಮಾಡಿದೆ. 'ಮ್ಯಾಕ್ ಅಂದ್ರೆ ಶೋಕಿ, ಹೆಸರಿಗೆ ದುಡ್ಡು ಕೊಡೋದು' ಅಂತ ಅವನ ಬಾಯಿ ಮುಚ್ಚಿಸಿದವಳು ನಾನೇ. ನಾನೂ ಮ್ಯಾಕ್ ಮುಟ್ಟಿಲ್ಲ. ಯಾವುದೋ ವಿಡಿಯೊ ಮಧ್ಯೆ ಬಂದ ಜಾಹೀರಾತಿನಲ್ಲಿ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟು ಬೆಲೆ ತೋರಿಸಿದ್ದನ್ನು ನೋಡಿದ ಮೇಲೆಯೇ ನನಗೆ ಹಾಗೆ ಅನ್ನಿಸಲು ಶುರುವಾಗಿದ್ದು. ಅಂದರೆ ಇಬ್ಬರೂ ಒಂದೊಂದು ಕಂಪನಿಯ ಮಾತನ್ನು ನಮ್ಮದೇ ಅಭಿಪ್ರಾಯ ಅಂದುಕೊಂಡು ಅಡುಗೆಮನೆಯಲ್ಲಿ ಜಗಳ ಆಡುತ್ತಿದ್ದೇವೆ. ಇದು ನನ್ನನ್ನು ತುಂಬ ಕಾಡುತ್ತಿದೆ.

ಯಾವುದು ತಗೊಳ್ಳಲಿ ಅಂತ ಕೇಳುತ್ತಿಲ್ಲ. ಒಂದು ವಸ್ತು ಎಷ್ಟಕ್ಕೆ ಬಾಳುತ್ತದೆ ಅನ್ನುವ ನಮ್ಮ ಲೆಕ್ಕವನ್ನು ಈ ಪೈಪೋಟಿ ಜಾಹೀರಾತುಗಳು ನಿಜವಾಗಿಯೂ ತಿರುಗಿಸುತ್ತವೆಯೇ? ತಿಳಿದವರು ಹೇಳಿ.

ಅರಸು ರಸ್ತೆ ಅಂಗಡಿ (ಶನಿವಾರ, ರಾತ್ರಿ 10.15)

ಮೇಡಂ, ಮೈಸೂರಿನ ದೇವರಾಜ ಅರಸು ರಸ್ತೆ ಹತ್ತಿರ 22 ವರ್ಷದಿಂದ ಕಂಪ್ಯೂಟರ್ ಮಾರುತ್ತಿದ್ದೇನೆ. ಕೌಂಟರ್ ಹಿಂದೆ ನಿಂತು ನೋಡಿದ್ದನ್ನು ಹೇಳುತ್ತೇನೆ.

ಗಿರಾಕಿ ಒಳಗೆ ಬಂದ ತಕ್ಷಣ ಕೇಳುವ ಮೊದಲ ಪ್ರಶ್ನೆಯಲ್ಲೇ ಜಾಹೀರಾತು ಇರುತ್ತದೆ. ನಾನು ಅಂಗಡಿ ತೆರೆದ ಕಾಲಕ್ಕೆ ಅದು 'ಪೆಂಟಿಯಂ ಇದೆಯಾ?' ಆಮೇಲೆ 'ಐ5 ಇದೆಯಾ?' ಎರಡೂ ಇಂಟೆಲ್ ಕಂಪನಿಯ ಚಿಪ್‌ಗಳ ಹೆಸರು. ಐ5ರಲ್ಲಿ ಎಷ್ಟನೇ ಜನರೇಶನ್ ಅಂತ ನೂರಕ್ಕೆ ತೊಂಬತ್ತು ಜನ ಕೇಳುವುದಿಲ್ಲ. ನಾಲ್ಕು ವರ್ಷ ಹಳೆಯ ಐ5ಗಿಂತ ಹೊಸ ಐ3 ಚುರುಕಾಗಿರಬಹುದು ಅಂದರೆ ನಂಬುವುದಿಲ್ಲ. ಅದೇ ಬೆಲೆಗೆ ಎಎಂಡಿ ಕಂಪನಿಯ ರೈಜನ್ 5 ಚಿಪ್ ಇರುವುದನ್ನು ತೋರಿಸಿದರೆ 'ಇದು ಲೋಕಲ್ಲಾ ಸರ್?' ಅಂತ ಕೇಳಿದವರಿದ್ದಾರೆ.

ಒಂದು ಸಣ್ಣ ವಿಷಯ ಗಮನಿಸಿ. ಲ್ಯಾಪ್‌ಟಾಪ್‌ನಲ್ಲಿ ಅಂಗೈ ಇಡುವ ಜಾಗದಲ್ಲಿ ಎಡಕ್ಕೋ ಬಲಕ್ಕೋ ಒಂದು ಸ್ಟಿಕ್ಕರ್ ಇರುತ್ತದಲ್ಲ. ಜನ ಬೇರೆಲ್ಲ ಬಿಟ್ಟು ಅದರ ಮೇಲೆ ಉಗುರು ಆಡಿಸುತ್ತಾರೆ, ಅಸಲಿಯೋ ಅಂಟಿಸಿದ್ದೋ ಅಂತ. ಒಳಗಿನ ಚಿಪ್ಪನ್ನು ಯಾರೂ ಜನ್ಮದಲ್ಲಿ ನೋಡುವುದಿಲ್ಲ. ಕಣ್ಣಿಗೆ ಕಾಣದ ಆ ಭಾಗಕ್ಕೆ ಇಂಟೆಲ್ 1991ರಲ್ಲಿ 'ಇಂಟೆಲ್ ಇನ್‌ಸೈಡ್' ಅಂತ ಹೆಸರು ಕೊಟ್ಟು, ಕಂಪ್ಯೂಟರ್ ಮಾಡುವ ಕಂಪನಿಗಳು ತಮ್ಮ ಜಾಹೀರಾತಿನಲ್ಲಿ ಆ ಗುರುತು ಹಾಕಿದರೆ ಖರ್ಚಿನ ಒಂದು ಪಾಲು ತಾನೇ ಕೊಡುವ ಏರ್ಪಾಡು ಮಾಡಿತು. ಕೊನೆಗೆ ಟಿವಿಯಲ್ಲಿ ಬರುವ ಐದು ಸ್ವರದ ದನಿ ಕೇಳಿದರೇ ಸಾಕು ಅನ್ನುವ ಹಾಗಾಯಿತು. ಜಾಹೀರಾತು ಲೆಕ್ಕ ಬದಲಿಸುವುದಿಲ್ಲ ಅಂತ ನಾನಂತೂ ಹೇಳಲಾರೆ.

ಕಾಪಿ ಬರೆಯುವವನು (ಶನಿವಾರ, ರಾತ್ರಿ 11.05)

ಬೆಂಗಳೂರಿನ ಏಜೆನ್ಸಿಗಳಲ್ಲಿ ಹದಿನಾಲ್ಕು ವರ್ಷ ಜಾಹೀರಾತು ಬರೆದು ಈಗ ಮೈಸೂರಿಗೆ ಮರಳಿದವನು ನಾನು. ಅಕ್ಕ ಕೇಳಿದ ಪ್ರಶ್ನೆಗೆ ಸರಿಯಾಗಿ ಹೊಂದುವ ಒಂದು ನಿಜವಾದ ಪ್ರಕರಣ ಇದೆ. ಸ್ವಲ್ಪ ಉದ್ದ, ಆದರೂ ಓದಿ.

2006ರ ಮೇ ತಿಂಗಳಲ್ಲಿ ಆಪಲ್ 'ಗೆಟ್ ಎ ಮ್ಯಾಕ್' ಸರಣಿ ಶುರು ಮಾಡಿತು. ಬಿಳಿ ಹಿನ್ನೆಲೆ, ಇಬ್ಬರು ಮನುಷ್ಯರು. ಜೀನ್ಸ್ ತೊಟ್ಟ ಹುಡುಗ ಜಸ್ಟಿನ್ ಲಾಂಗ್ 'ನಾನು ಮ್ಯಾಕ್' ಅಂತಾನೆ. ಸೂಟು ಹಾಕಿದ ಜಾನ್ ಹಾಡ್ಜ್‌ಮನ್ 'ನಾನು ಪಿಸಿ', ಅಂದರೆ ವಿಂಡೋಸ್ ಕಂಪ್ಯೂಟರ್. ಪಿಸಿಗೆ ವೈರಸ್ ಬಂದು ಸೀನುತ್ತಾನೆ, ಮ್ಯಾಕ್ ಆರಾಮಾಗಿ ನಿಂತಿರುತ್ತಾನೆ. 2009ರ ಅಕ್ಟೋಬರ್‌ವರೆಗೆ ಇಂಥ 66 ಜಾಹೀರಾತು ಬಂದವು. ನನಗೆ ತಿಳಿದಂತೆ ಅವು ಬೆಲೆಯನ್ನು ಮುಖ್ಯ ವಾದ ಮಾಡಲಿಲ್ಲ. ನೀನು ಎಂಥ ಮನುಷ್ಯ ಅನ್ನುವುದೇ ಪ್ರಶ್ನೆ.

ಮೈಕ್ರೋಸಾಫ್ಟ್ ಎರಡು ವರ್ಷಕ್ಕೂ ಹೆಚ್ಚು ಕಾಲ ತಡವರಿಸಿತು. 2009ರ ಮಾರ್ಚ್‌ನಲ್ಲಿ 'ಲ್ಯಾಪ್‌ಟಾಪ್ ಹಂಟರ್ಸ್' ಬಿಟ್ಟಿತು. ಆಗ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ, ಕೆಲಸ ಕಳೆದುಕೊಂಡವರು ಲಕ್ಷಗಟ್ಟಲೆ. ಮೊದಲ ಜಾಹೀರಾತಿನಲ್ಲಿ ಲಾರೆನ್ ಅನ್ನುವ ಹುಡುಗಿ 1,000 ಡಾಲರ್ ಒಳಗೆ 17 ಇಂಚಿನ ಲ್ಯಾಪ್‌ಟಾಪ್ ಹುಡುಕಿ ಹೊರಡುತ್ತಾಳೆ. ಸಿಕ್ಕರೆ ದುಡ್ಡು ಕಂಪನಿಯದು. ಆಪಲ್ ಅಂಗಡಿಯಲ್ಲಿ ಆ ದುಡ್ಡಿಗೆ ಸಿಗುವುದು 13 ಇಂಚಿನದು ಒಂದೇ, ಹಾಗಾಗಿ ಬರಿಗೈಯಲ್ಲಿ ಹೊರಗೆ ಬರುತ್ತಾಳೆ. ಕೊನೆಗೆ ಎಚ್‌ಪಿ ಕಂಪನಿಯದನ್ನು 699.99 ಡಾಲರ್‌ಗೆ ಕೊಂಡು ಖುಷಿಯಿಂದ ಕುಣಿಯುತ್ತಾಳೆ. ಆಗ ಆಪಲ್‌ನ 17 ಇಂಚಿನ ಮ್ಯಾಕ್‌ಬುಕ್ ಪ್ರೊ 2,799 ಡಾಲರ್.

ಇಲ್ಲಿರುವ ಕುಶಲತೆಯನ್ನು ನಮ್ಮ ಕಸುಬಿನವನಾಗಿ ಹೇಳುತ್ತೇನೆ. ಆ ಜಾಹೀರಾತು ಎಲ್ಲೂ 'ಮ್ಯಾಕ್ ಕೆಟ್ಟದ್ದು' ಅನ್ನಲಿಲ್ಲ. ಅಳತೆಗೋಲನ್ನೇ ಬದಲಿಸಿತು. ಅಲ್ಲಿಯವರೆಗೆ ಜನ 'ಯಾವುದು ಕೈಕೊಡುವುದಿಲ್ಲ, ಯಾವುದು ಚೆಂದ' ಅಂತ ಅಳೆಯುತ್ತಿದ್ದರು. 'ಎಷ್ಟು ಇಂಚಿಗೆ ಎಷ್ಟು ಡಾಲರ್' ಅಂತ ಅಳೆಯಿರಿ ಅಂದಿತು ಮೈಕ್ರೋಸಾಫ್ಟ್. ಯಾವ ಅಳತೆಗೋಲು ನಿಮ್ಮ ಕೈಗೆ ಬರುತ್ತದೋ ಗೆಲ್ಲುವವರು ಯಾರೆಂಬುದು ಅಲ್ಲಿಗೇ ತೀರ್ಮಾನ.

ಪರಿಣಾಮ ಆಯಿತೇ? ಯೂಗವ್ ಸಂಸ್ಥೆಯ ಬ್ರ್ಯಾಂಡ್‌ಇಂಡೆಕ್ಸ್ ಸಮೀಕ್ಷೆ 'ಕೊಟ್ಟ ದುಡ್ಡಿಗೆ ತಕ್ಕದ್ದೇ?' ಅಂತ ಜನರನ್ನು ಕೇಳುತ್ತಿತ್ತು. ಆ ವಸಂತದಲ್ಲಿ 18ರಿಂದ 34 ವಯಸ್ಸಿನವರಲ್ಲಿ ಮೈಕ್ರೋಸಾಫ್ಟ್‌ನ ಅಂಕ ಏರಿತು, ಆಪಲ್‌ನದು ಕುಸಿಯಿತು. ಜೂನ್‌ನಲ್ಲಿ ಆಪಲ್ ಬೆಲೆ ಇಳಿಸಿತು. 15 ಇಂಚಿನದು 1,999ರಿಂದ 1,699 ಡಾಲರ್‌ಗೆ ಬಂತು. ಬೆಲೆ ಇಳಿಸಿದ್ದೇವೆ, ಆ ಜಾಹೀರಾತು ನಿಲ್ಲಿಸಿ ಅಂತ ಆಪಲ್‌ನ ವಕೀಲರು ಕರೆ ಮಾಡಿದ್ದರು ಎಂದು ಮೈಕ್ರೋಸಾಫ್ಟ್‌ನ ಹಿರಿಯ ಅಧಿಕಾರಿ ಕೆವಿನ್ ಟರ್ನರ್ ಜುಲೈನಲ್ಲಿ ಸಭೆಯಲ್ಲೇ ಹೇಳಿದರು.

ಆದ್ದರಿಂದ ಅಕ್ಕ, ಹೌದು. ಬದಲಾಗುತ್ತದೆ.

ಹೆಬ್ಬಾಳದ ಕೋಡರ್ (ಭಾನುವಾರ, ಬೆಳಗ್ಗೆ 7.50)

ಕಾಪಿ ಸರ್, ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದಿರಿ.

ಜನರ ಅಂಕ ಕುಸಿಯಿತು ಸರಿ. ಮಾರಾಟ? ಆಪಲ್‌ನ ಲೆಕ್ಕಪತ್ರದ ವರ್ಷ ಸೆಪ್ಟೆಂಬರ್‌ಗೆ ಮುಗಿಯುತ್ತದೆ. 2006ರಲ್ಲಿ ಸುಮಾರು 53 ಲಕ್ಷ ಮ್ಯಾಕ್ ಮಾರಿತ್ತು. 2008ರಲ್ಲಿ 97 ಲಕ್ಷ. ಲಾರೆನ್ ಕುಣಿದ 2009ರಲ್ಲಿ 1 ಕೋಟಿ 4 ಲಕ್ಷ. 2009ರ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳಲ್ಲಿ ಹಿಂದಿನ ವರ್ಷಕ್ಕಿಂತ ನೂರಕ್ಕೆ ಮೂರು ಕಡಿಮೆಯಾಗಿತ್ತು ನಿಜ, ಆದರೆ ಆ ಜಾಹೀರಾತು ಬಂದಿದ್ದೇ ಮಾರ್ಚ್ ಕೊನೆಗೆ. ಅದು ಹಿಂಜರಿತದ ಹೊಡೆತ. ಅದೇ 2009ರ ಜೂನ್‌ನಲ್ಲಿ ಅಮೆರಿಕದ ಚಿಲ್ಲರೆ ಅಂಗಡಿಗಳಲ್ಲಿ 1,000 ಡಾಲರ್ ಮೇಲಿನ ಕಂಪ್ಯೂಟರ್‌ಗಳ ವಹಿವಾಟಿನಲ್ಲಿ ನೂರು ಡಾಲರ್‌ಗೆ 91 ಡಾಲರ್ ಆಪಲ್‌ನದು ಅಂತ ಮಾರುಕಟ್ಟೆ ಸಮೀಕ್ಷೆ ಮಾಡುವ ಎನ್‌ಪಿಡಿ ಸಂಸ್ಥೆ ಲೆಕ್ಕ ಕೊಟ್ಟಿತ್ತು.

ಇನ್ನು 'ಗೆಟ್ ಎ ಮ್ಯಾಕ್' ಮಾರಾಟ ಹೆಚ್ಚಿಸಿತು ಅನ್ನುವುದನ್ನೂ ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. 2006ರ ಜನವರಿಯಲ್ಲೇ ಮ್ಯಾಕ್‌ಗೆ ಇಂಟೆಲ್ ಚಿಪ್ ಬಂದಿತ್ತು. ಏಪ್ರಿಲ್‌ನಲ್ಲಿ ಬೂಟ್ ಕ್ಯಾಂಪ್ ಬಂದು ಮ್ಯಾಕ್‌ನಲ್ಲೇ ವಿಂಡೋಸ್ ಹಾಕಿಕೊಳ್ಳಬಹುದು ಎಂದಾಯಿತು. 2007ರ ಜನವರಿಯಲ್ಲಿ ವಿಂಡೋಸ್‌ನ ಹೊಸ ಆವೃತ್ತಿ ವಿಸ್ಟಾ ಬಂದು ವಿಂಡೋಸ್ ಬಳಸುವವರು ರೋಸಿಹೋದರು. ಆಪಲ್‌ನದೇ ಹಾಡು ಕೇಳುವ ಐಪಾಡ್ ಅಲ್ಲಿ ಮನೆಮನೆಯಲ್ಲಿತ್ತು. ಇಷ್ಟೆಲ್ಲ ಒಟ್ಟಿಗೆ ಸುರಿಯುತ್ತಿದ್ದಾಗ ಕೆರೆ ತುಂಬಿದ್ದು ಯಾವ ಹಳ್ಳದ ನೀರಿಂದ ಅಂತ ಹೇಗೆ ಹೇಳುತ್ತೀರಿ?

ನನ್ನ ಕಣ್ಣೆದುರಿನ ಉದಾಹರಣೆ 2020ರ ನವೆಂಬರ್‌ದು. ಇಂಟೆಲ್ ಚಿಪ್ ಬಿಟ್ಟು ಆಪಲ್ ತನ್ನದೇ ಎಂ1 ಚಿಪ್ ಹಾಕಿದ ಮ್ಯಾಕ್‌ಬುಕ್ ಏರ್ ಬಂತು, ನಮ್ಮಲ್ಲಿ 92,900 ರೂಪಾಯಿ. ಆಫೀಸಿನಲ್ಲಿ ಒಬ್ಬರು ತಂದರು. ಫ್ಯಾನೇ ಇಲ್ಲದ ಆ ಯಂತ್ರದಲ್ಲಿ ನಮ್ಮ ಪ್ರಾಜೆಕ್ಟ್ ಬಿಲ್ಡ್ (ಬರೆದ ಕೋಡನ್ನೆಲ್ಲ ಸೇರಿಸಿ ಪ್ರೋಗ್ರಾಂ ಮಾಡುವ ಭಾರದ ಕೆಲಸ) ಓಡಿಸಿದೆವು. ನನ್ನ ಲ್ಯಾಪ್‌ಟಾಪ್ ಅದೇ ಕೆಲಸಕ್ಕೆ ಕುಕ್ಕರ್ ತರಹ ಸದ್ದು ಮಾಡುತ್ತಿತ್ತು, ತೊಡೆ ಮೇಲೆ ಇಡಲಾಗುತ್ತಿರಲಿಲ್ಲ. ಅವರದ್ದು ತಣ್ಣಗೆ ಮುಗಿಸಿತು, ಸಂಜೆಯವರೆಗೂ ಚಾರ್ಜರ್ ಚೀಲದಿಂದ ಹೊರಗೆ ಬರಲಿಲ್ಲ. 2021ರ ಮಾರ್ಚ್‌ನಲ್ಲಿ ಇಂಟೆಲ್ ಅದೇ ಹಳೆಯ 'ನಾನು ಮ್ಯಾಕ್' ಹುಡುಗ ಜಸ್ಟಿನ್ ಲಾಂಗ್‌ನನ್ನೇ ಕರೆತಂದು ಪಿಸಿ ಪರ ಮಾತಾಡಿಸಿತು. ನಮ್ಮಲ್ಲಿ ಒಬ್ಬರ ಮನಸ್ಸೂ ಕದಲಲಿಲ್ಲ. ಎದುರಿನ ಮೇಜಿನ ಮೇಲೆ ಸಾಕ್ಷಿ ಕೂತಿತ್ತಲ್ಲ. ಮಾಲು ಗಟ್ಟಿಯಿದ್ದರೆ ಎದುರಾಳಿಯ ಜಾಹೀರಾತು ಏನೂ ಮಾಡಲಾರದು.

ಕಾಪಿ ಬರೆಯುವವನು (ಭಾನುವಾರ, ಬೆಳಗ್ಗೆ 8.20)

ಕೋಡರ್ ಅವರೇ, ಮಾರಾಟ ಇಳಿಯಲಿಲ್ಲ ನಿಜ. ಆದರೆ ಆ ವರ್ಷದ ಕೊನೆಯ ತಿಂಗಳುಗಳದ್ದು ಬೆಲೆ ಇಳಿಸಿದ ಮೇಲಿನ ಮಾರಾಟ. ಜನರ ಮನಸ್ಸಿನ ಲೆಕ್ಕ ಬದಲಾಗದೇ ಇದ್ದಿದ್ದರೆ ಆಪಲ್ 300 ಡಾಲರ್ ಯಾಕೆ ಬಿಟ್ಟುಕೊಡುತ್ತಿತ್ತು?

ಗಂಗೋತ್ರಿ ಮೇಡಂ (ಭಾನುವಾರ, ಬೆಳಗ್ಗೆ 10.30)

ಮನಃಶಾಸ್ತ್ರ ಪಾಠ ಮಾಡುವವಳಾಗಿ ಮೊದಲು ಒಂದು ತಿದ್ದುಪಡಿ. ಬ್ರ್ಯಾಂಡ್‌ಇಂಡೆಕ್ಸ್ ಅಂಕ ಅಂದರೆ ಒಳ್ಳೆಯದು ಅಂದವರಿಂದ ಕೆಟ್ಟದ್ದು ಅಂದವರನ್ನು ಕಳೆದು ಉಳಿಯುವ ಸಂಖ್ಯೆ. ಮೈನಸ್ 100ರಿಂದ ಪ್ಲಸ್ 100ರವರೆಗೆ ಹೋಗುತ್ತದೆ. ಸುದ್ದಿಯಲ್ಲಿ ಏನಿದೆ, ಜೇಬಿನಲ್ಲಿ ಎಷ್ಟಿದೆ ಎಲ್ಲದಕ್ಕೂ ಅದು ಅಲುಗುತ್ತದೆ. ಹಿಂಜರಿತದ ನಡುವೆ ಬೆಲೆಯ ಮಾತು ಬಂದರೆ ಕಿವಿ ತಾನಾಗಿ ಅತ್ತ ತಿರುಗುತ್ತದೆ. ಆದ್ದರಿಂದ ಜಾಹೀರಾತು ಒಂದೇ ಕಾರಣ ಅನ್ನಲಾಗದು, ಕಾರಣವೇ ಅಲ್ಲ ಅನ್ನಲೂ ಆಗದು.

ಆದರೆ ಕೋಡರ್ ಅವರ 'ಮಾಲು ಗಟ್ಟಿಯಿದ್ದರೆ ಸಾಕು' ಅನ್ನುವ ಮಾತಿನಲ್ಲಿ ಒಂದು ತೊಡಕಿದೆ. ಗಟ್ಟಿ ಅನ್ನುವ ಅನುಭವವೇ ಮೊದಲು ಕೇಳಿದ ಮಾತಿನಿಂದ ಬದಲಾಗುತ್ತದೆ. 2008ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳವರು ಸೇರಿ ಒಂದು ಪ್ರಯೋಗ ಪ್ರಕಟಿಸಿದರು. 20 ಜನರನ್ನು ಮಿದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ ಕೊಳವೆಯಲ್ಲಿ ವೈನ್ ಗುಟುಕು ಕೊಟ್ಟರು. ಒಂದೇ ವೈನ್, ಒಮ್ಮೆ 10 ಡಾಲರ್‌ನದು ಅಂದರು, ಇನ್ನೊಮ್ಮೆ 90 ಡಾಲರ್‌ನದು ಅಂದರು. ದುಬಾರಿ ಅಂದಾಗ ಜನ ಹೆಚ್ಚು ರುಚಿ ಅಂದರು. ಬಾಯಿಮಾತಿಗೆ ಅಂದದ್ದಲ್ಲ, ಸಂತೋಷದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದಲ್ಲೂ ಚಟುವಟಿಕೆ ಹೆಚ್ಚಿತ್ತು.

ಅಕ್ಕ ಹೇಳಿದ ತಮ್ಮ ನಾಳೆ ಮ್ಯಾಕ್ ಮುಂದೆ ಕೂತರೂ 'ಆಹಾ' ಅನ್ನುತ್ತಾನೆ. ಅದು ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಹಾಗೆ ಅನ್ನಿಸಿರುತ್ತದೆ. ಅಕ್ಕ ಕೂತರೆ 'ಇಷ್ಟೇನಾ?' ಅನ್ನಿಸುತ್ತದೆ. ಅದೂ ಸುಳ್ಳಲ್ಲ.

ಆಲೆಮನೆ ಮಂಡ್ಯ (ಭಾನುವಾರ, ಮಧ್ಯಾಹ್ನ 1.10)

ನಮಸ್ಕಾರ ಕಣಕ್ಕ. ಮಂಡ್ಯ ತಾಲ್ಲೂಕಿನವನು, ಓದಿದ್ದು ಕಂಪ್ಯೂಟರ್ ಸೈನ್ಸ್, ಮನೇಲಿ ಆಲೆಮನೆ. ನೀವೆಲ್ಲ ಅಮೆರಿಕದ ಮಾತಾಡ್ತಿದ್ದೀರ, ನಾನು ಬೆಲ್ಲದ ಮಾತು ಹೇಳ್ತೀನಿ, ಎರಡೂ ಒಂದೇ ಅನ್ನಿಸ್ತು.

ಕಬ್ಬಿನ ಹಾಲು ಕೊಪ್ಪರಿಗೇಲಿ ಕುದಿವಾಗ ಮೇಲೆ ಬರೋ ಕೊಳೆ ತೆಗೆದು, ಸುಣ್ಣ ಅಳತೆಗೆ ಹಾಕಿ, ಪಾಕ ಬಂದಾಗ ಇಳಿಸಿದರೆ ಬೆಲ್ಲ ಕಂದು ಬಣ್ಣಕ್ಕೆ ಬತ್ತದೆ. ನಮ್ಮ ತಾತ ತಿಂದಿದ್ದು ಅದೇ. ಈಗ ಮಾರುಕಟ್ಟೆಗೆ ತಗೊಂಡು ಹೋದ್ರೆ ಖರೀದಿದಾರ ಅಚ್ಚು ಒಡೆದು ಒಂದು ಚೂರು ಬೆಳಕಿಗೆ ಹಿಡೀತಾನೆ. ಹಳದಿಗೆ, ಬೆಳ್ಳಗೆ ಹೊಳೆದರೆ ಒಂದು ರೇಟು. ಕಪ್ಪಾಗಿದ್ರೆ 'ಏನ್ ಗೌಡ್ರೆ, ಮಣ್ಣು ತಂದಿದ್ದೀರಲ್ಲ' ಅಂತಾನೆ. ಬಾಯಿಗೆ ಹಾಕ್ಕಂಡು ನೋಡೋದೇ ಇಲ್ಲ. ಆ ಬಣ್ಣ ಬರಕ್ಕೆ ಹೈಡ್ರೋಸ್ ಪುಡಿ ಹಾಕ್ಬೇಕು. ನಮ್ಮಪ್ಪ ಒಂದು ಸೀಸನ್ ಹಾಕದೇ ಮಾಡಿದ್ರು, ಅಪ್ಪಟ ಬೆಲ್ಲ. ಪೂರ್ತಿ ನಷ್ಟ. ಮುಂದಿನ ಸಲ ಹಾಕಿದ್ರು. ಅವತ್ತು ಅಪ್ಪ ಊಟ ಸರಿಯಾಗಿ ಮಾಡಲಿಲ್ಲ.

ಬೆಳ್ಳಗಿರೋ ಬೆಲ್ಲವೇ ಒಳ್ಳೇದು ಅಂತ ಯಾವ ಟಿವಿಯಲ್ಲೂ ಜಾಹೀರಾತು ಬಂದಿರಲಿಲ್ಲ. ಆದ್ರೂ ಸಕ್ಕರೆ ನೋಡಿ ನೋಡಿ ಜನದ ಕಣ್ಣು ಪಳಗಿಬಿಟ್ಟಿತ್ತು. ಈಗ ನೋಡಿ, ನಾಲ್ಕೈದು ವರ್ಷದಿಂದ ಬೆಂಗಳೂರಿನೋರು ಕಾರಲ್ಲಿ ಬಂದು 'ಕಪ್ಪು ಬೆಲ್ಲ ಇದೆಯಾ, ಕೆಮಿಕಲ್ ಹಾಕಿಲ್ಲ ತಾನೆ' ಅಂತ ಕೇಳಿ ಜಾಸ್ತಿ ದುಡ್ಡು ಕೊಟ್ಟು ಹೋಯ್ತಾರೆ. ಅದೇ ಗದ್ದೆ, ಅದೇ ಕಬ್ಬು, ಅದೇ ಕೊಪ್ಪರಿಗೆ. ಮಣ್ಣು ಅಂದಿದ್ದೇ ಈಗ ಚಿನ್ನ.

ಕಾಪಿಯಣ್ಣ ಹೇಳಿದ ಅಳತೆಗೋಲು ಅಂದ್ರೆ ಇದೇ. ನನ್ನ ಸಂಕಟ ಏನಂದ್ರೆ, ಆ ಗೋಲು ಯಾರ ಕೈಲಿರುತ್ತೆ ಅನ್ನೋದು. ಮಾಡೋನ ಕೈಲೂ ಇಲ್ಲ, ತಿನ್ನೋನ ಕೈಲೂ ಇಲ್ಲ.

ಅರಸು ರಸ್ತೆ ಅಂಗಡಿ (ಭಾನುವಾರ, ಮಧ್ಯಾಹ್ನ 2.00)

ಆಲೆಮನೆ ಅಣ್ಣ, ನಿಮ್ಮ ತಂದೆಯವರ ಮಾತು ಓದಿ ಮನಸ್ಸು ಭಾರವಾಯಿತು. ನಾನೂ ಒಮ್ಮೆ ಹಾಗೇ ಮಾಡಿದ್ದೇನೆ. ಜನ ಕೇಳುತ್ತಾರೆ ಅಂತ ಹಳೆಯ ಜನರೇಶನ್ ಐ5 ದಾಸ್ತಾನು ಮಾಡಿ ಮಾರಿದೆ, ಅದಕ್ಕಿಂತ ಒಳ್ಳೆಯದು ಪಕ್ಕದ ಶೆಲ್ಫ್‌ನಲ್ಲಿದೆ ಅಂತ ಗೊತ್ತಿದ್ದೂ.

ಚಾಮುಂಡಿಪುರಂ ಹಿರಿಯರು (ಭಾನುವಾರ, ಸಂಜೆ 5.25)

ನನಗೀಗ 71. ಕಂಪ್ಯೂಟರ್ ಬಗ್ಗೆ ಅಷ್ಟಾಗಿ ಗೊತ್ತಿಲ್ಲ, ಆದರೆ ಈ ಬೆಲೆ ಮತ್ತು ಬಾಳಿಕೆಯ ಜಗಳವನ್ನು ದೂರದರ್ಶನದ ಕಾಲದಿಂದ ನೋಡಿದ್ದೇನೆ.

ನಿರ್ಮಾ ಸೋಪಿನ ಪುಡಿ ಬಂದು ಸರ್ಫ್‌ಗಿಂತ ತೀರ ಅಗ್ಗಕ್ಕೆ ಸಿಗತೊಡಗಿದಾಗ, 1980ರ ದಶಕದಲ್ಲಿ ಸರ್ಫ್‌ನವರು ಲಲಿತಾಜಿ ಅನ್ನುವ ಗೃಹಿಣಿಯ ಪಾತ್ರವನ್ನು ತಂದರು. ಬಿಳಿ ಸೀರೆ, ತರಕಾರಿ ಚೌಕಾಸಿ, ಖಡಕ್ ಮಾತು. ಅಗ್ಗದ ವಸ್ತುವೇ ಬೇರೆ, ಒಳ್ಳೆಯ ವಸ್ತುವೇ ಬೇರೆ ಅನ್ನುತ್ತಿದ್ದರು ಆಕೆ. ನನ್ನ ಶ್ರೀಮತಿ ಆ ಜಾಹೀರಾತು ಬಂದಾಗಲೆಲ್ಲ ತಲೆದೂಗುತ್ತಿದ್ದಳು. ತಿಂಗಳ ಸಾಮಾನಿನ ಚೀಟಿಯಲ್ಲಿ ಮಾತ್ರ ನಿರ್ಮಾ ಅಂತಲೇ ಬರೆಯುತ್ತಿದ್ದಳು, ಹಬ್ಬದ ಸೀರೆಗಳಿಗೆ ಅಂತ ಚಿಕ್ಕ ಪೊಟ್ಟಣ ಸರ್ಫ್. ಮನಸ್ಸು ಒಪ್ಪಿದ್ದು ಒಂದು, ಸಂಬಳ ಒಪ್ಪಿದ್ದು ಇನ್ನೊಂದು. ಅವಳು ಎರಡಕ್ಕೂ ನ್ಯಾಯ ಮಾಡಿದಳು. ಗೃಹಿಣಿಯ ಆ ಜಾಣತನವನ್ನು ನಾನು ಇವತ್ತಿಗೂ ಗೌರವಿಸುತ್ತೇನೆ.

ಇನ್ನೊಂದು ಮಾತು. ನಮ್ಮ ಮೈಸೂರು ರೇಷ್ಮೆ ಸೀರೆಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಸಾಲು ನಿಲ್ಲುತ್ತಾರೆ. 1912ರಿಂದ ನಡೆದು ಬಂದ ಕಾರ್ಖಾನೆ. ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ. ಪ್ರತಿ ಸೀರೆಗೂ ನಂಬರು ಇರುತ್ತದೆ. ಟಿವಿಯಲ್ಲಿ ಅದರ ಜಾಹೀರಾತು ನೋಡಿದ ನೆನಪು ನನಗಿಲ್ಲ. ನನ್ನ ತಾಯಿಯ ಸೀರೆಯನ್ನು ಮೊಮ್ಮಗಳು ಮೊನ್ನೆ ಆರತಿಗೆ ಉಟ್ಟಳು. ಜರಿ ಮಸುಕಾಗಿಲ್ಲ. ಆದರೆ ರಾಜ್ಯ ಸರ್ಕಾರದ್ದೇ ಆದ ಮೈಸೂರು ಸ್ಯಾಂಡಲ್ ಸೋಪಿಗೆ 2025ರಲ್ಲಿ ನಟಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ಕೊಟ್ಟು ರಾಯಭಾರಿ ಮಾಡಿದಾಗ ಎಷ್ಟು ಗದ್ದಲ ಆಯಿತು! ನನಗೂ ಬೇಸರವಾಗಿತ್ತು, ಕನ್ನಡದವರು ಸಿಗಲಿಲ್ಲವೇ ಅಂತ. ಆದರೆ ಗಂಧದ ಪರಿಮಳ ಗೊತ್ತಿಲ್ಲದ ಉತ್ತರದ ಊರುಗಳಿಗೆ ಹೋಗಬೇಕಾದರೆ ಅವರಿಗೆ ಗೊತ್ತಿರುವ ಮುಖ ಬೇಕು ಅನ್ನುವ ಸಮಜಾಯಿಷಿಯನ್ನು ಪೂರ್ತಿ ತಳ್ಳಿಹಾಕಲಾರೆ. ಮೈಸೂರಿನಲ್ಲಿ ಆ ಸೋಪಿಗೆ ಜಾಹೀರಾತು ಬೇಡ, ನಮ್ಮ ಬಚ್ಚಲುಮನೆಯಲ್ಲೇ ಅದು ಬೆಳೆದಿದೆ. ಗುರುತಿಲ್ಲದ ಕಡೆ ಬೇಕು.

ಕಾಪಿ ಬರೆಯುವವನು (ಭಾನುವಾರ, ಸಂಜೆ 6.10)

ಹಿರಿಯರು ಹೇಳಿದ ಕೊನೆಯ ಮಾತು ನನ್ನ ಹದಿನಾಲ್ಕು ವರ್ಷದ ಅನುಭವಕ್ಕೆ ತಾಳೆಯಾಗುತ್ತದೆ. ಕೈಯಾರೆ ಬಳಸಿ ಗೊತ್ತಿದ್ದವರನ್ನು ಅಲುಗಿಸುವುದು ಬಲು ಕಷ್ಟ. ಜಾಹೀರಾತಿಗೆ ಹೆಚ್ಚು ಸಿಗುವವರು ಇನ್ನೂ ಮುಟ್ಟಿಲ್ಲದವರು. ಅಕ್ಕ ಮತ್ತು ತಮ್ಮ ಇಬ್ಬರೂ ಮುಟ್ಟಿಲ್ಲ ಅಂತ ಮೊದಲ ಪೋಸ್ಟ್‌ನಲ್ಲೇ ಇದೆ. ಕೋಡರ್ ಅವರ ಆಫೀಸಿನವರು ಮುಟ್ಟಿದ್ದರು.

ಹೆಬ್ಬಾಳದ ಕೋಡರ್ (ಭಾನುವಾರ, ಸಂಜೆ 6.45)

ಇದನ್ನು ಒಪ್ಪುತ್ತೇನೆ ಸರ್. ನಾನು ಬೆಳಗ್ಗೆ ಬರೆದದ್ದು ತುಸು ಅತಿಯಾಯಿತು.

ನನ್ನ ಕಡೆಯವರಾದ ಆಪಲ್‌ನವರೂ ಅಳತೆಗೋಲಿನ ಆಟ ಆಡಿದ್ದಾರೆ. 2023ರಲ್ಲಿ ಎಂ3 ಮ್ಯಾಕ್‌ಬುಕ್ ಪ್ರೊ 8 ಜಿಬಿ ಮೆಮೊರಿಯಲ್ಲಿ ಬಂದಾಗ ಜನ ಬೈದರು. ನಮ್ಮ 8 ಜಿಬಿ ಬೇರೆಯವರ 16 ಜಿಬಿಗೆ ಸಮ ಅನ್ನುವ ಅರ್ಥದ ಮಾತನ್ನು ಆಪಲ್‌ನ ಹಿರಿಯ ಅಧಿಕಾರಿಯೊಬ್ಬರು ಆಡಿದರು. ಮೆಮೊರಿ ಹಂಚಿಕೆ ಚುರುಕಾಗಿರುವುದು ನಿಜ, ಆದರೆ ದೊಡ್ಡ ಫೈಲ್ ತೆರೆದರೆ ಅದು ಎಂಟೇ. ಸುಮಾರು ಒಂದು ವರ್ಷದಲ್ಲಿ ಅವರೇ ಏರ್‌ಗೂ ಕನಿಷ್ಠ 16 ಜಿಬಿ ಮಾಡಿದರು. ಆ ನಡುವೆ 8 ಜಿಬಿ ಕೊಂಡವರಲ್ಲಿ ನನ್ನ ತಂಗಿಯೂ ಒಬ್ಬಳು. ಕೊಳ್ಳು ಅಂದವನು ನಾನು. ಮೆಮೊರಿ ಬೋರ್ಡಿಗೇ ಅಂಟಿರುವುದರಿಂದ ಆಮೇಲೆ ಹೆಚ್ಚಿಸಲೂ ಬರುವುದಿಲ್ಲ.

ಕೋರ್ಟು ದಾರಿ (ಭಾನುವಾರ, ರಾತ್ರಿ 8.15)

ವಕೀಲಿ ಮಾಡುತ್ತೇನೆ, ಗ್ರಾಹಕರ ಕೇಸುಗಳು ಹೆಚ್ಚು. ಸಂಕ್ಷಿಪ್ತವಾಗಿ ಹೇಳುತ್ತೇನೆ.

ಎದುರಾಳಿಯ ಹೆಸರು ಹಿಡಿದು ಹೋಲಿಸುವುದು ನಮ್ಮಲ್ಲಿ ತಪ್ಪಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 29 ಮತ್ತು 30ನೇ ಸೆಕ್ಷನ್‌ಗಳ ಪ್ರಕಾರ ಹೋಲಿಕೆ ಪ್ರಾಮಾಣಿಕವಾಗಿರಬೇಕು, ಇನ್ನೊಬ್ಬರ ಹೆಸರಿಗೆ ಮಸಿ ಬಳಿಯಬಾರದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 2022ರ ಮಾರ್ಗಸೂಚಿಯ ಪ್ರಕಾರ ಷರತ್ತನ್ನು ಜಾಹೀರಾತಿನ ಭಾಷೆಯಲ್ಲೇ, ಓದಲು ಬರುವ ಹಾಗೆ ಹಾಕಬೇಕು. ಕನ್ನಡದಲ್ಲಿ ಆಸೆ ತೋರಿಸಿ ಇಂಗ್ಲಿಷಿನಲ್ಲಿ ಷರತ್ತು ಹಾಕುವಂತಿಲ್ಲ. ಇದು ನಮ್ಮವರಿಗೆ ಗೊತ್ತಾಗಬೇಕಾದ ವಿಷಯ. ಇನ್ನೊಂದು ಅನುಕೂಲ, ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ಆದರೆ ಲಾರೆನ್‌ಳ ಜಾಹೀರಾತಿನಂಥದ್ದನ್ನು ಕಾನೂನು ಹಿಡಿಯುವುದು ಕಷ್ಟ. ಅದರಲ್ಲಿ ಹೇಳಿದ ಬೆಲೆಗಳೆಲ್ಲ ನಿಜ.

ಅರಸು ರಸ್ತೆ ಅಂಗಡಿ (ಭಾನುವಾರ, ರಾತ್ರಿ 9.00)

ಜಾಹೀರಾತು ಅಂದರೆ ಟಿವಿ, ಯೂಟ್ಯೂಬ್ ಅಷ್ಟೇ ಅಲ್ಲ ಮೇಡಂ. ಬೆಲೆಯ ಚೀಟಿಯೂ ಜಾಹೀರಾತೇ. 89,990 ಅಂತ ಬರೆದು ಗೀಟು ಎಳೆದು ಕೆಳಗೆ 58,990 ಅಂತ ಹಾಕಿರುತ್ತಾರೆ. ಎಷ್ಟೋ ಸಲ ಆ ಮೇಲಿನ ಬೆಲೆಗೆ ಅದು ಒಂದು ದಿನವೂ ಮಾರಾಟವಾಗಿರುವುದಿಲ್ಲ. ಆದರೂ 31 ಸಾವಿರ ಉಳಿಸಿದೆ ಅನ್ನುವ ಖುಷಿಯಲ್ಲಿ ಜನ ಮನೆಗೆ ಹೋಗುತ್ತಾರೆ.

'ನೋ ಕಾಸ್ಟ್ ಇಎಂಐ' ಬಗ್ಗೆಯೂ ಹುಷಾರು. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಬಡ್ಡಿಯ ಮೊತ್ತವನ್ನು ಮೊದಲೇ ರಿಯಾಯಿತಿ ಅಂತ ಕಳೆದು ತೋರಿಸುತ್ತಾರೆ. ಎಷ್ಟೋ ಸಲ ಆ ರಿಯಾಯಿತಿ ನಗದು ಕೊಟ್ಟರೂ ಸಿಗುವಂಥದ್ದೇ. ಕಾರ್ಡಿನಲ್ಲಿ ಮಾಡಿದರೆ ಪ್ರೋಸೆಸಿಂಗ್ ಶುಲ್ಕ, ಬಡ್ಡಿ ಮೇಲೆ ನೂರಕ್ಕೆ 18 ಜಿಎಸ್‌ಟಿ ಬೇರೆ. 2025ರ ಮಾರ್ಚ್‌ನಲ್ಲಿ ಎಂ4 ಏರ್ 99,900ಕ್ಕೆ ಬಂದಾಗ ವಿದ್ಯಾರ್ಥಿಗಳಿಗೆ 89,900 ಇತ್ತು. ತಿಂಗಳಿಗೆ ಇಷ್ಟೇ ಅಂತ ಕೇಳಿದಾಗ ಹಗುರ ಅನ್ನಿಸುತ್ತದೆ. ನಿಮ್ಮ 65 ಸಾವಿರದ ಲೆಕ್ಕ ತಪ್ಪುವುದು ಇಂಥ ಕಡೆ.

ಅದೇ ತಮ್ಮ (ಭಾನುವಾರ, ರಾತ್ರಿ 10.20)

ನಾನೇ ಆ ತಮ್ಮ. ಅಕ್ಕ ಮಲಗಿದ ಮೇಲೆ ಎಲ್ಲ ಓದಿದೆ.

ಜಾಹೀರಾತು ನೋಡಿಯೇ ಆಸೆಯಾಯಿತು, ಇಲ್ಲ ಅನ್ನಲ್ಲ. ಆದರೆ ಅದಷ್ಟೇ ಅಲ್ಲ. ಹೋದ ಸೆಮಿಸ್ಟರ್ ಸೆಮಿನಾರ್ ದಿನ ನಾನು ಅಣ್ಣನ ಸ್ನೇಹಿತರ ಹಳೆಯ ಲ್ಯಾಪ್‌ಟಾಪ್ ತಗೊಂಡು ಹೋಗಿದ್ದೆ. ಹಿಂಜ್ ಸಡಿಲ, ಪರದೆ ಹಿಂದಕ್ಕೆ ಬೀಳುತ್ತಿತ್ತು, ಹಿಂದೆ ನೋಟ್‌ಬುಕ್ ಆನಿಸಿದ್ದೆ. ಪ್ರೊಜೆಕ್ಟರ್‌ಗೆ ಹಾಕುವಾಗಲೇ ಅಪ್‌ಡೇಟ್ ಶುರುವಾಯಿತು. ಹನ್ನೊಂದು ನಿಮಿಷ ಇಡೀ ಕ್ಲಾಸ್ ಕಾಯಿತು. ನನ್ನ ನಂತರ ಬಂದವನು ಮ್ಯಾಕ್ ತೆರೆದ, ಎರಡು ಸೆಕೆಂಡಿಗೆ ಸ್ಲೈಡ್ ಬಂತು. ಆಗಿನಿಂದ 'ನಾನು ಮ್ಯಾಕ್, ನಾನು ಪಿಸಿ' ಅನ್ನುವ ಹಳೆಯ ವಿಡಿಯೊಗಳು ಕಂಡಾಗಲೆಲ್ಲ ಆ ಸೂಟು ಹಾಕಿದವನು ನಾನೇ ಅನ್ನಿಸುತ್ತಿತ್ತು. ನನಗೆ ಬೇಕಾಗಿದ್ದು ಮ್ಯಾಕ್ ಅಲ್ಲ ಅಂತ ಕಾಣುತ್ತೆ, ಆ ಹನ್ನೊಂದು ನಿಮಿಷ ಮತ್ತೆ ಬರಬಾರದು.

ಗಂಗೋತ್ರಿ ಮೇಡಂ (ಭಾನುವಾರ, ರಾತ್ರಿ 10.50)

ತಮ್ಮಾ, ನೀನು ಬರೆದದ್ದು ಮನಸ್ಸಿಗೆ ತಟ್ಟಿತು. ಜಾಹೀರಾತು ಶೂನ್ಯದಿಂದ ಏನನ್ನೂ ಹುಟ್ಟಿಸುವುದಿಲ್ಲ, ಮೊದಲೇ ಆದ ಗಾಯವನ್ನು ಹುಡುಕಿ ಅದರ ಮೇಲೆ ಕೈಯಿಡುತ್ತದೆ ಅಂತ ನಾನು ಕ್ಲಾಸಿನಲ್ಲಿ ಹೇಳುತ್ತಿರುತ್ತೇನೆ. ನಾಳೆ ನಿನ್ನ ಉದಾಹರಣೆಯನ್ನು ಹೆಸರಿಲ್ಲದೆ ಬಳಸಬಹುದೇ?

ಅದೇ ತಮ್ಮ (ಭಾನುವಾರ, ರಾತ್ರಿ 10.55)

ಬಳಸಿ ಮೇಡಂ.

ಹೆಬ್ಬಾಳದ ಕೋಡರ್ (ಭಾನುವಾರ, ರಾತ್ರಿ 11.10)

ತಮ್ಮಾ, ಒಂದು ಮುಖ್ಯ ವಿಷಯ ಯಾರೂ ಕೇಳಲೇ ಇಲ್ಲ. ನಿನ್ನದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಅಂತ ಅಕ್ಕ ಬರೆದಿದ್ದರಲ್ಲ, ಸರ್ಕ್ಯೂಟ್ ವಿನ್ಯಾಸ ಮಾಡುವ ವೆರಿಲಾಗ್ ಲ್ಯಾಬ್ ಇದೆಯಾ? ಅದರಲ್ಲಿ ವಿವಾಡೊ ಸಾಫ್ಟ್‌ವೇರ್ ಬಳಸುತ್ತೀರಾ? ಅದಕ್ಕೆ ಮ್ಯಾಕ್ ಆವೃತ್ತಿಯೇ ಇಲ್ಲ, ವಿಂಡೋಸ್ ಅಥವಾ ಲಿನಕ್ಸ್ ಬೇಕು. ಮೈಕ್ರೋಕಂಟ್ರೋಲರ್ ಲ್ಯಾಬಿನ ಕೈಲ್ ಮ್ಯೂವಿಷನ್ ಸಾಫ್ಟ್‌ವೇರ್ ಕೂಡ ವಿಂಡೋಸ್‌ದೇ. ಸೀನಿಯರ್‌ಗಳನ್ನು ಕೇಳಿ ಪಟ್ಟಿ ತೆಗೆದುಕೋ. ನಾನು ಮ್ಯಾಕ್ ಬಳಸುವವನೇ ಹೇಳುತ್ತಿದ್ದೇನೆ.

ಕುವೆಂಪುನಗರದ ಅಕ್ಕ (ಮುಂದಿನ ಶನಿವಾರ, ರಾತ್ರಿ 8.30)

ಎಲ್ಲರಿಗೂ ಕೈ ಮುಗಿದೆ. ಆ ಹನ್ನೊಂದು ನಿಮಿಷದ ಕಥೆ ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಹೇಳದೇ ಇಲ್ಲಿ ಬರೆದಿದ್ದಾನೆ. ಬೆಳಗ್ಗೆ ಓದಿ ಅಳು ಬಂತು. ಶೋಕಿ ಅಂದದ್ದಕ್ಕೆ ಅವನ ಹತ್ತಿರ ಕ್ಷಮೆ ಕೇಳಿದೆ.

ಇವತ್ತು ಇಬ್ಬರೂ ಒಂದು ಹಾಳೆ ಹಿಡಿದು ಅಂಗಡಿಗೆ ಹೋದೆವು. ಒಂದು ಕಡೆ ಅವನ ಲ್ಯಾಬಿನ ಸಾಫ್ಟ್‌ವೇರ್ ಪಟ್ಟಿ. ಇನ್ನೊಂದು ಕಡೆ ಅವನು ಬರೆದದ್ದು: ಹಿಂಜ್ ಗಟ್ಟಿಯಿರಬೇಕು, ಮುಚ್ಚಿ ತೆರೆದರೆ ತಕ್ಷಣ ಬರಬೇಕು, ಮೆಮೊರಿ ಆಮೇಲೆ ಹಾಕಲು ಜಾಗ ಇರಬೇಕು, ಮೈಸೂರಿನಲ್ಲೇ ಸರ್ವಿಸ್ ಸಿಗಬೇಕು. ಅಂಗಡಿಯವರು 'ಇದು ತುಂಬ ಹೊಸದು, ತಿನ್ ಅಂಡ್ ಲೈಟ್' ಅಂತ ಒಂದನ್ನು ಮುಂದಿಟ್ಟರು. ತಮ್ಮ ಹಾಳೆ ತೋರಿಸಿ ಮೆಮೊರಿ ಸ್ಲಾಟ್ ಇದೆಯೇ ಅಂತ ಕೇಳಿದ, ಇರಲಿಲ್ಲ, ಪಕ್ಕಕ್ಕಿಟ್ಟ. ಐದನೆಯದನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು, ಒಂದು ಬೆರಳಲ್ಲಿ ಪರದೆ ತಳ್ಳಿ ನೋಡಿದ. ಅಲುಗಲಿಲ್ಲ. ರೈಜನ್ 7, 16 ಜಿಬಿ, ಒಂದು ಸ್ಲಾಟ್ ಖಾಲಿ. 61,500 ರೂಪಾಯಿ, ಪೂರ್ತಿ ನಗದು. ಅಲ್ಲಿ ಪಕ್ಕದಲ್ಲೇ ಮ್ಯಾಕ್‌ಬುಕ್ ಕೂಡ ಇತ್ತು. ಅವನು ಅದರ ಕೀಬೋರ್ಡ್ ಮೇಲೆ ಒಂದಿಷ್ಟು ಹೊತ್ತು ಟೈಪ್ ಮಾಡಿದ, ನಾನೂ ಮಾಡಿದೆ. ತುಂಬ ಚೆನ್ನಾಗಿತ್ತು, ನಿಜ ಹೇಳಬೇಕು.

ಆಲೆಮನೆ ತಮ್ಮಾ, ಹೈಡ್ರೋಸ್ ಹಾಕದ ಬೆಲ್ಲ ಈಗ ಮಾಡುತ್ತೀರಾ? ಸಂಕ್ರಾಂತಿಗೆ ಎಳ್ಳುಬೆಲ್ಲಕ್ಕೆ ಮೂರು ಕೆಜಿ ಬೇಕಿತ್ತು.

ಆಲೆಮನೆ ಮಂಡ್ಯ (ಮುಂದಿನ ಶನಿವಾರ, ರಾತ್ರಿ 8.50)

ಮಾಡ್ತೀವಿ ಕಣಕ್ಕ. ಬಣ್ಣ ಕಪ್ಪಿರ್ತದೆ, ಕೊಬ್ಬರಿ ಜೊತೆ ಹೆಚ್ಚಿ ಹಾಕಿದ್ರೆ ತಟ್ಟೇಲಿ ಕಪ್ಪಗೆ ಕಾಣ್ತದೆ, ನೆಂಟರು ಕೇಳಿದ್ರೆ ಹೇಳ್ಕಳಿ. ಅಪ್ಪಂಗೆ ಹೇಳಿದೆ, ಮೈಸೂರಿಗೆ ಬರುವಾಗ ಅವರೇ ತಂದುಕೊಡ್ತಾರಂತೆ.